ಇಪ್ಪತ್ತಾರು ವಾರದ ಆಚೆ: ಹುಬ್ಬಳ್ಳಿ-ಧಾರವಾಡದಲ್ಲಿ ತಾಯ್ತನ ಮತ್ತು ನೌಕರಿ

ಕಾನೂನಿನ ಪ್ರಕಾರ ಹೆರಿಗೆ ರಜೆ 26 ವಾರ. ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಕೂಸು ಎಲ್ಲಿರಬೇಕು, ಯಾರು ನೋಡಿಕೊಳ್ಳಬೇಕು ಎಂದು ಕೇಳಿದರೆ ಸರ್ಕಾರದ ಬಳಿಯೂ ಕಂಪನಿಗಳ ಬಳಿಯೂ ನೇರ ಉತ್ತರವಿಲ್ಲ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮಾತ್ರ ಈ ಪ್ರಶ್ನೆಗೆ ತಲೆಮಾರುಗಳಿಂದ ಒಂದೇ ಉತ್ತರ: "ಅವ್ವ ಅದಾಳಲ್ಲ, ಯಾಕ ಚಿಂತಿ ಮಾಡ್ತಿ?"

ಆ ಅವ್ವ ಎಂದರೆ ಬಾಣಂತಿಯ ತಾಯಿ, ಅವಳಿಲ್ಲದಿದ್ದರೆ ಅತ್ತೆ. ನೌಕರಿ ಮಾಡುವ ಹೆಣ್ಣುಮಗಳ ದಿಟ್ಟತನ, ಮನೆ-ಕಚೇರಿ ಎರಡನ್ನೂ ತೂಗಿಸುವ ಅವಳ ಜಾಣ್ಮೆ ಎಂದು ಮಹಿಳಾ ದಿನಾಚರಣೆಯ ವೇದಿಕೆಗಳಲ್ಲಿ ಬೇಕಾದಷ್ಟು ಭಾಷಣ ಕೇಳುತ್ತೇವೆ. ಆ ಭಾಷಣದಲ್ಲಿ ಅಜ್ಜಿಯ ಹೆಸರು ಬರುವುದಿಲ್ಲ. ಅವಳಿ ನಗರದ ಶಾಲೆ, ಆಸ್ಪತ್ರೆ, ಬ್ಯಾಂಕು, ರೈಲ್ವೆ ಕಚೇರಿಗಳಲ್ಲಿ ತಾಯಂದಿರ ಕುರ್ಚಿ ಖಾಲಿ ಬೀಳದಂತೆ ಇಷ್ಟು ವರ್ಷ ನೋಡಿಕೊಂಡದ್ದು ಆ ಸಂಬಳವಿಲ್ಲದ ದುಡಿಮೆ. ಈಗ ಅದು ಕರಗುತ್ತಿದೆ, ಅದರ ಜಾಗಕ್ಕೆ ಇನ್ನೊಂದು ಏರ್ಪಾಡು ಬಂದಿಲ್ಲ. ಈ ಊರುಗಳ ಬೇರೆ ಬೇರೆ ಕಸುಬುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಎಲ್ಲ ಕಡೆಯೂ ಕಾಣುವುದು ಇದೇ.

ಅಂಟಿನುಂಡಿ ಮತ್ತು ರಜೆಯ ಲೆಕ್ಕ

ಈ ಭಾಗದಲ್ಲಿ ಚೊಚ್ಚಲ ಹೆರಿಗೆ ತವರಿನ ಹೊಣೆ. ಕುಬಸ ಮುಗಿಸಿಕೊಂಡು ತವರಿಗೆ ಹೋದ ಮಗಳು ಕೂಸಿನ ಸಮೇತ ಗಂಡನ ಮನೆಗೆ ಮರಳುವ ಹೊತ್ತಿಗೆ ಮೂರು ತಿಂಗಳೋ ಐದು ತಿಂಗಳೋ ಆಗಿರುತ್ತಿತ್ತು. ಒಣಕೊಬ್ಬರಿ, ಉತ್ತತ್ತಿ, ಗಸಗಸಿ, ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲ ಎಲ್ಲ ಕೂಡಿಸಿ ಕಟ್ಟಿದ ಉಂಡಿ ಡಬ್ಬಿಯಲ್ಲಿ ತುಂಬಿರಬೇಕು. ಬಾಣಂತಿಗೆ ಎಣ್ಣಿ-ನೀರು ಆಗಬೇಕು. ಕೂಸಿಗೆ ಲೋಬಾನದ ಹೊಗೆ ತೋರಿಸಬೇಕು. ಇಷ್ಟನ್ನೂ ಮಾಡುವ ಕೈ ಒಂದೇ. ಬಾಣಂತನ ಮುಗಿಯುವ ಹೊತ್ತಿಗೆ ಮಗಳ ಸೊಂಟ ಗಟ್ಟಿಯಾಗಿರುತ್ತದೆ, ಅವ್ವನದು ಹಿಡಿದುಕೊಂಡಿರುತ್ತದೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಮೊದಲ ಎರಡು ಮಕ್ಕಳಿಗೆ ಇಷ್ಟು, ಮೂರನೆಯದಕ್ಕೆ ಮತ್ತೆ 12 ವಾರ. ತವರಿನ ಐದು ತಿಂಗಳ ಲೆಕ್ಕಕ್ಕೆ ಕಾನೂನು ಹತ್ತಿರ ಬಂತು ಎಂದು ಸಂತೋಷಪಡಬಹುದು. ಆದರೆ ಈ 26 ವಾರದಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ಬಳಸಿಕೊಳ್ಳಬಹುದು. ಹಾಗೆ ಬಳಸಿಕೊಂಡವಳು ಕೆಲಸಕ್ಕೆ ಮರಳುವಾಗ ಕೂಸಿಗೆ 18 ವಾರ. ಅಂದರೆ ನಾಲ್ಕು ತಿಂಗಳು ದಾಟಿರುತ್ತದೆ, ಅಷ್ಟೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎನ್ನುತ್ತಾರೆ ಡಾಕ್ಟರು. ಹಾಗಾಗಿ ಬಹಳಷ್ಟು ತಾಯಂದಿರು ರಜೆಯನ್ನೆಲ್ಲ ಹೆರಿಗೆಯ ಆಚೆಗೆ ಉಳಿಸಿಕೊಂಡು, ಒಂಬತ್ತನೇ ತಿಂಗಳಲ್ಲೂ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಬಸ್ಸಿನಲ್ಲಿ ಸೀಟು ಹಿಡಿದು ಬಾವು ಬಂದ ಕಾಲಿನ ಚಪ್ಪಲಿ ಸಡಿಲಿಸಿ ಕೂರುವ ಗರ್ಭಿಣಿ ಟೀಚರನ್ನು ಕಲಘಟಗಿ, ನವಲಗುಂದದ ಬಸ್ಸುಗಳಲ್ಲಿ ಯಾರು ಬೇಕಾದರೂ ನೋಡಬಹುದು.

ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕು ಎಂದೂ ಕಾನೂನು ಹೇಳುತ್ತದೆ. ಹೇಳಿದ್ದು ಸರಿಯೇ. ತಾಯಿ ಧಾರವಾಡದ ಕಚೇರಿಯಲ್ಲಿ, ಕೂಸು ಹುಬ್ಬಳ್ಳಿಯ ಅಜ್ಜಿಯ ಮನೆಯಲ್ಲಿ ಇದ್ದರೆ ಆ ಬಿಡುವಿನಲ್ಲಿ ಅವಳು ಮಾಡುವುದೇನು? ಎರಡೂ ಊರನ್ನು ಬೆಸೆಯುವ ಬಿಆರ್‌ಟಿಎಸ್ ಹಾದಿ ಸುಮಾರು 22 ಕಿಲೋಮೀಟರ್. ಚಿಗರಿ ಬಸ್ಸು ಎಷ್ಟೇ ಚುರುಕಾಗಿ ಓಡಿದರೂ ಆ ಸಣ್ಣ ಬಿಡುವಿನಲ್ಲಿ ಹೋಗಿ ಹಾಲುಣಿಸಿ ಬರಲಾಗದು. ಸ್ಟೋರ್ ರೂಮಿನ ಕದ ಮುಚ್ಚಿಕೊಂಡು ಹಾಲು ಹಿಂಡಿ ಚೆಲ್ಲುವ ಅವಳ ಸಂಕಟ ಯಾವ ರಜಾ ನಿಯಮದಲ್ಲೂ ನಮೂದಾಗಿಲ್ಲ. ಶಿಶುಪಾಲನಾ ಕೇಂದ್ರ ಹತ್ತಿರದಲ್ಲಿಲ್ಲದ ಊರಲ್ಲಿ ಹಾಲುಣಿಸುವ ಬಿಡುವು ಕಾಗದದ ಮೇಲಿನ ಬಿಡುವು.

ಗಂಗೂಬಾಯಿಯವರ ಕಾಲದಿಂದ

ಗಂಗೂಬಾಯಿ ಹಾನಗಲ್ಲರನ್ನು ನಾವು ನೆನೆಯುವುದು ಗಾಯಕಿಯಾಗಿ. ದುಡಿಯುವ ತಾಯಿಯಾಗಿಯೂ ನೆನೆಯಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಅವರು ಹದಿನಾರರ ಹರೆಯದಲ್ಲಿ ವಕೀಲ ಗುರುರಾವ್ ಕೌಲಗಿಯವರನ್ನು ಮದುವೆಯಾದರು. ಇಬ್ಬರು ಗಂಡುಮಕ್ಕಳು, ಮಗಳು ಕೃಷ್ಣಾ. ಗಂಡನ ವ್ಯವಹಾರ ಕೈಹತ್ತಲಿಲ್ಲ. ಸಂಸಾರದ ಖರ್ಚು ಹಾಡಿನ ಗಳಿಕೆಯ ಮೇಲೆ ಬಿತ್ತು. ಮಗಳು ಹಿಂದೂಸ್ತಾನಿ ಕಲಿಯಲಿ ಎಂದು ತಮ್ಮ ಕರ್ನಾಟಕ ಸಂಗೀತವನ್ನೇ ಬದಿಗಿಟ್ಟಿದ್ದ ತಾಯಿ ಅಂಬಾಬಾಯಿ 1932ರಲ್ಲಿ ತೀರಿಕೊಂಡರು. ಗುರು ಸವಾಯಿ ಗಂಧರ್ವರು ಕುಂದಗೋಳಕ್ಕೆ ಮರಳಿ ನೆಲೆನಿಂತ ಮೇಲೆ, ಮಕ್ಕಳ ತಾಯಿಯಾಗಿದ್ದ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಪಾಠ ಹೇಳಿಸಿಕೊಂಡರು. ಊರೂರು ತಿರುಗಿ ಕಛೇರಿ ಕೊಟ್ಟರು. ಬೆಳೆದ ಮೇಲೆ ಮಗಳು ಕೃಷ್ಣಾ ವೇದಿಕೆಯಲ್ಲಿ ತಾಯಿಯ ಪಕ್ಕ ಕೂತು ದನಿಗೂಡಿಸಿದರು. ಅವರ ಸಾಧನೆಗೆ ಅವರ ಕಂಠವೇ ಕಾರಣ, ಸಂಶಯವಿಲ್ಲ. ಆದರೆ ತಾಯಿ ಪರ ಊರಲ್ಲಿ ಹಾಡುವಾಗ ಮಕ್ಕಳಿಗೆ ಅನ್ನ ಹಾಕುವ ಮಂದಿ ತುಂಬಿದ ಮನೆ ಇಲ್ಲದಿದ್ದರೆ ಆ ಕಂಠ ಹುಬ್ಬಳ್ಳಿ ದಾಟುವುದು ಕಷ್ಟವಿತ್ತು.

ಅವರ ಮದುವೆಯಾದ 1929ರಲ್ಲೇ ಮುಂಬೈ ಪ್ರಾಂತ ಕಾರ್ಖಾನೆ ಹೆಂಗಸರಿಗಾಗಿ ಹೆರಿಗೆ ಸೌಲಭ್ಯ ಕಾಯ್ದೆ ತಂದಿತು. ಭಾರತದಲ್ಲಿ ಅಂಥ ಕಾಯ್ದೆ ಅದೇ ಮೊದಲು. ಧಾರವಾಡ ಜಿಲ್ಲೆ ಆಗ ಆ ಪ್ರಾಂತಕ್ಕೇ ಸೇರಿತ್ತು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಆ ಮಸೂದೆಯ ಪರ ಮಾತಾಡಿದ ಡಾ. ಬಿ.ಆರ್. ಅಂಬೇಡ್ಕರ್, ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಈ ಖರ್ಚಿನ ಭಾರವನ್ನು ಸರ್ಕಾರವೂ ಹೊರಬೇಕು ಎಂಬ ನಿಲುವು ತಳೆದಿದ್ದರು. ಖರ್ಚು ಬಿದ್ದದ್ದು ಮಾಲೀಕರ ಮೇಲೆ. ಆ ಚರ್ಚೆಗೆ ನೂರು ವರ್ಷ ತುಂಬುತ್ತ ಬಂದರೂ ಭಾರ ಯಾರದು ಎಂಬ ಪ್ರಶ್ನೆ ಅಲ್ಲೇ ನಿಂತಿದೆ.

ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವ ಮನೆಯದು. ಸುಧಾ ಮೂರ್ತಿಯವರು 1968ರಲ್ಲಿ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಾಗ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಕಟ್ಟಡ ಕಟ್ಟಿದವರ ಕಲ್ಪನೆಯಲ್ಲಿ ವಿದ್ಯಾರ್ಥಿನಿ ಇರಲಿಲ್ಲ. ಅವರ ಮಗಳು ಅಕ್ಷತಾ 1980ರಲ್ಲಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ತಂದೆ-ತಾಯಿ ಮುಂಬೈಯಲ್ಲಿ ಕೆಲಸದಲ್ಲಿದ್ದ ಆ ದಿನಗಳಲ್ಲಿ ಕೂಸು ಕೆಲಕಾಲ ಬೆಳೆದದ್ದು ಅಜ್ಜ-ಅಜ್ಜಿಯರ ಬಳಿ. ಮರುವರ್ಷ ಇನ್ಫೋಸಿಸ್ ಶುರುವಾದಾಗ ಗಂಡ-ಹೆಂಡತಿಯಲ್ಲಿ ಒಬ್ಬರು ಮಾತ್ರ ಕಂಪನಿಯಲ್ಲಿರಬೇಕು ಎಂಬ ತೀರ್ಮಾನವಾಯಿತು. ಹಿಂದೆ ಸರಿದವರು ಟೆಲ್ಕೊದಲ್ಲಿ ಎಂಜಿನಿಯರ್ ಆಗಿದ್ದ ಹೆಂಡತಿ. ದೇಶದ ಹೆಸರಾಂತ ಕಂಪನಿಯ ಕತೆಯೊಳಗೂ ಒಬ್ಬ ಅಜ್ಜಿ, ಒಬ್ಬ ಹಿಂದೆ ಸರಿದ ತಾಯಿ ಇದ್ದಾರೆ.

ಒಂದೇ ಊರು, ಹತ್ತು ಕಾನೂನು

ಹುಬ್ಬಳ್ಳಿಯಲ್ಲಿ ಒಂದೇ ಓಣಿಯ ನಾಲ್ವರು ತಾಯಂದಿರಿಗೆ ನಾಲ್ಕು ಥರದ ಹಕ್ಕು.

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಇಲ್ಲಿದೆ. ರೈಲ್ವೆಯವರು ಕೇಂದ್ರ ಸರ್ಕಾರದ ನೌಕರರು. ಅಲ್ಲಿನ ಮಹಿಳೆಗೆ 180 ದಿನ ಹೆರಿಗೆ ರಜೆಯ ಜೊತೆಗೆ, ಮಕ್ಕಳಿಗೆ 18 ವರ್ಷ ತುಂಬುವವರೆಗೆ ಇಡೀ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಮೊದಲ 365 ದಿನ ಪೂರ್ತಿ ಸಂಬಳ, ಉಳಿದದ್ದಕ್ಕೆ ಶೇ 80. ಪಕ್ಕದ ಮನೆಯ ಸರ್ಕಾರಿ ಶಾಲೆಯ ಶಿಕ್ಷಕಿ ರಾಜ್ಯ ನೌಕರಳು. ಅವಳಿಗೂ 180 ದಿನ ಹೆರಿಗೆ ರಜೆ. ಶಿಶುಪಾಲನಾ ರಜೆ 2021ರಿಂದ ಸಿಕ್ಕಿದೆ, ಅದೂ ಸೇವಾವಧಿಗೆಲ್ಲ ಸೇರಿ 180 ದಿನ. ಈ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ, ಮೇಲಧಿಕಾರಿ ಮಂಜೂರು ಮಾಡಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬಳು ರಜೆ ಕೇಳಿದರೆ ಹೆಡ್‌ಮಾಸ್ತರರ ಮುಖ ಹೇಗಾಗುತ್ತದೆ ಎಂದು ಶಿಕ್ಷಕಿಯರಿಗೆ ಗೊತ್ತು. ಕೇಳುವ ಮೊದಲೇ ಅರ್ಧ ಮಂದಿ ಅವ್ವನಿಗೆ ಫೋನು ಹಚ್ಚುತ್ತಾರೆ.

ಮೂರನೆಯವಳು ಖಾಸಗಿ ಶಾಲೆಯಲ್ಲಿಯೋ ನರ್ಸಿಂಗ್ ಹೋಮಿನಲ್ಲಿಯೋ ಇದ್ದಾಳೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಯಾದರೆ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಿಗಬೇಕು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ನಡೆಯುವುದು ಬೇರೆ. "ರಾಜೀನಾಮೆ ಕೊಟ್ಟು ಹೋಗ್ರಿ ಮೇಡಂ, ಕೂಸು ಸ್ವಲ್ಪ ದೊಡ್ಡದಾದ ಮ್ಯಾಲೆ ಬರ್ರಿ, ನೋಡೋಣು" ಎಂಬ ಮಾತು ನಯವಾಗಿಯೇ ಬರುತ್ತದೆ. ಎರಡು ವರ್ಷ ಬಿಟ್ಟು ಬಂದವಳಿಗೆ ಕೆಲಸ ಸಿಕ್ಕರೂ ಹೊಸಬಳ ಸಂಬಳ, ಹೊಸಬಳ ಸೇವಾಹಿರಿತನ. ಜಗಳ ಮಾಡಿ ಲೇಬರ್ ಆಫೀಸಿನ ಮೆಟ್ಟಿಲು ಹತ್ತುವವರು ಕಡಿಮೆ. ಸಣ್ಣ ಊರಲ್ಲಿ ನಾಳೆ ಇನ್ನೊಂದು ಶಾಲೆಯಲ್ಲಿ ಕೆಲಸ ಕೇಳಬೇಕಲ್ಲ.

ನಾಲ್ಕನೆಯವಳು ದುರ್ಗದ ಬೈಲಿನ ಸುತ್ತಲಿನ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವಳು. ಅಂಗಡಿಯಲ್ಲಿರುವುದು ಆರೇಳು ಮಂದಿ. ಕಾನೂನು ಅವಳ ಬಾಗಿಲಿಗೆ ಬರುವುದೇ ಇಲ್ಲ. ಹೊಟ್ಟೆ ಕಾಣುವಷ್ಟು ದಿನವಾದ ಮೇಲೆ ಅವಳೇ ಬಿಡುತ್ತಾಳೆ.

ಇವರ ಹೊರತಾಗಿ, ಇವರೆಲ್ಲ ಏಳುವ ಮೊದಲೇ ಪೊರಕೆ ಹಿಡಿದು ರಸ್ತೆಗಿಳಿಯುವ ಪೌರಕಾರ್ಮಿಕ ಮಹಿಳೆಯರಿದ್ದಾರೆ. ದಿನಗೂಲಿಯ ಮಸ್ಟರ್ ರೋಲ್ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ಇನ್ನೊಂದು ತೀರ್ಪು ಬಂತು: ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲುವಂತಿಲ್ಲ. ತೀರ್ಪುಗಳು ರಜೆಯ ಪ್ರಶ್ನೆಗೆ ಉತ್ತರ ಕೊಟ್ಟವು. ಪೌರಕಾರ್ಮಿಕಳ ಕೆಲಸ ನಸುಕಿನಲ್ಲಿ ಶುರು, ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತರ ಮೇಲೆ. ಆ ನಡುವಿನ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಂಡಿರುವವಳು ಅಜ್ಜಿ, ಇಲ್ಲವೇ ಶಾಲೆಗೆ ಹೋಗಬೇಕಾದ ಹಿರಿಮಗಳು.

ಸಂಬಳ ಕೊಡುವವನ ಲೆಕ್ಕ

ಮಾಲೀಕರನ್ನು ಬೈದು ಮುಗಿಸುವುದು ಸುಲಭ. ಅವರ ಲೆಕ್ಕವನ್ನೂ ನೋಡಬೇಕು. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ವ್ಯಾಪ್ತಿಗೆ ಬಂದವಳಿಗೆ 26 ವಾರದ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಮಾಲೀಕರ, ಕಾರ್ಮಿಕರ ವಂತಿಗೆ ಸೇರಿದ ನಿಧಿ ಅದು. 21,000 ದಾಟಿದ ಕೂಡಲೇ ಪೂರ್ತಿ ಹಣ ಆ ಒಬ್ಬ ಮಾಲೀಕನ ತಲೆಯ ಮೇಲೆ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಹದಿನೈದು ಮಂದಿಯನ್ನಿಟ್ಟುಕೊಂಡ ಸಣ್ಣ ಘಟಕದವನು ಅಕೌಂಟೆಂಟ್ ಹುಡುಗಿಗೆ ಆರು ತಿಂಗಳ ಸಂಬಳ ಕೊಡಬೇಕು, ಅದೇ ಆರು ತಿಂಗಳು ಬೇರೊಬ್ಬರನ್ನೂ ಇಟ್ಟುಕೊಳ್ಳಬೇಕು. ಅವನು ಕಾನೂನು ಮುರಿಯುವುದಿಲ್ಲ. ಇಂಟರ್‌ವ್ಯೂದಲ್ಲೇ ದಾರಿ ಹುಡುಕುತ್ತಾನೆ. "ಮದುವಿ ಆಗೇತೇನ್ರಿ? ಮಕ್ಕಳದು ಹೆಂಗ ವಿಚಾರ ಮಾಡೀರಿ?" ಎಂದು ಕೇಳಿ, ಕೊನೆಗೆ ಹುಡುಗನನ್ನು ಆರಿಸಿಕೊಳ್ಳುತ್ತಾನೆ. ತಾಯಿಗಾಗಿ ಬಂದ ಕಾನೂನು ತಾಯಿಯಾಗಬಹುದಾದವಳನ್ನೇ ಹೊರಗಿಡುವುದು ಹೀಗೆ.

ಇದಕ್ಕೆ ಮದ್ದು ಹೊಸದೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ತಾಯ್ತನ ರಕ್ಷಣೆಯ ಒಪ್ಪಂದ, ಹೆರಿಗೆ ಸೌಲಭ್ಯದ ಖರ್ಚನ್ನು ಸಾಮಾನ್ಯವಾಗಿ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಭರಿಸಬೇಕು, ಒಬ್ಬ ಮಾಲೀಕನ ಮೇಲೆ ಹೊರಿಸಬಾರದು ಎನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. 1928ರಲ್ಲಿ ಮುಂಬೈ ಪರಿಷತ್ತಿನಲ್ಲಿ ಅಂಬೇಡ್ಕರ್ ಆಡಿದ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಮನೆಯಲ್ಲೇ ಕೆಲಸ ಎಂಬ ಸಮಾಧಾನ

"ಮನ್ಯಾಗ ಕೂತು ಮಾಡೋ ಕೆಲಸ ಹಿಡಿ" ಎಂಬ ಸಲಹೆ ಪ್ರತಿ ತಾಯಿಗೂ ಸಿಗುತ್ತದೆ. ಧಾರವಾಡ ಸೀಮೆಗೆ ಈ ಸಲಹೆ ಹಳೆಯದು. ಭೌಗೋಳಿಕ ಸೂಚ್ಯಂಕ ಪಡೆದಿರುವ ಕಸೂತಿ, ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕೆಲಸ. ಗೋಪುರ, ತೇರು, ಆನೆ, ನವಿಲು ಮೂಡಬೇಕಾದರೆ ಒಂದೆಳೆ ತಪ್ಪುವಂತಿಲ್ಲ. ತೊಡೆಯ ಮೇಲೆ ಕೂಸು ಇದ್ದರೆ ಎಣಿಕೆ ತಪ್ಪುತ್ತದೆ. ಹಾಗಾಗಿ ಸೂಜಿ ಹಿಡಿಯುವುದು ಕೂಸು ಮಲಗಿದ ಮೇಲೆ, ರಾತ್ರಿ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಹೆಂಗಸರದೂ ಅಷ್ಟೆ. ಒಲೆಯ ಮುಂದೆ ಹಂಚಿನ ಕಾವಿನಲ್ಲಿ ನೂರಾರು ರೊಟ್ಟಿ ಬಡಿಯುವಾಗ ಅಂಬೆಗಾಲಿಡುವ ಕೂಸು ಹತ್ತಿರ ಸುಳಿಯಬಾರದು. ಮನೆಯಲ್ಲೇ ಇದ್ದರೂ ಅದನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕೇ ಬೇಕು. ಕೂಲಿ ಲೆಕ್ಕ ಮಾತ್ರ ರೊಟ್ಟಿಗೆ ಇಷ್ಟು, ಸೀರೆಗೆ ಇಷ್ಟು. ಹೆತ್ತ ತಿಂಗಳಲ್ಲಿ ರೊಟ್ಟಿ ಇಲ್ಲ, ದುಡ್ಡೂ ಇಲ್ಲ.

ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕದಲ್ಲಿ ಇನ್ನೊಂದು ಬಗೆ ಕಾಣುತ್ತದೆ. 1957ರಲ್ಲಿ ಶುರುವಾದ ಈ ಸಂಘ ಬಿಐಎಸ್ ಮಾನ್ಯತೆಯೊಂದಿಗೆ ಖಾದಿಯ ರಾಷ್ಟ್ರಧ್ವಜ ತಯಾರಿಸುತ್ತದೆ. ಕತ್ತರಿಸುವ, ಹೊಲಿಯುವ, ಇಸ್ತ್ರಿ ಮಾಡುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. ಅಶೋಕ ಚಕ್ರದ 24 ಅರಗಳು ಬಟ್ಟೆಯ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಳತೆ, ಬಣ್ಣ, ಹೊಲಿಗೆಯಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಧ್ವಜ ವಾಪಸು. ವರ್ಷಗಟ್ಟಲೆ ಪಳಗಿದ ಕೈ ಮಾತ್ರ ಈ ಕೆಲಸ ಮಾಡಬಲ್ಲದು. ಆಗಸ್ಟ್ 15, ಜನವರಿ 26ರ ಮುಂಚಿನ ತಿಂಗಳುಗಳಲ್ಲಿ ಬೇಡಿಕೆ ಏರುತ್ತದೆ. 2021ರ ಕೊನೆಗೆ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಅವಕಾಶ ಸಿಕ್ಕ ಮೇಲೆ ಖಾದಿಯ ಮಾರುಕಟ್ಟೆಗೆ ಪೆಟ್ಟು ಬಿತ್ತು. ಇಂಥ ಕಡೆ ಪಳಗಿದ ಹೆಣ್ಣುಮಗಳೊಬ್ಬಳು ಕೂಸಿಗಾಗಿ ಕೆಲಸ ಬಿಟ್ಟರೆ ನಷ್ಟ ಅವಳ ಮನೆಗೆ ಮಾತ್ರ ಆಗುವುದಿಲ್ಲ, ಕಸುಬಿಗೂ ಆಗುತ್ತದೆ. ಅವಳ ಕೈಯಲ್ಲಿರುವುದನ್ನು ಹೊಸಬರಿಗೆ ಒಂದು ತಿಂಗಳಲ್ಲಿ ಕಲಿಸಲಾಗದು.

ರೈಲು ಹತ್ತಿದ ಅಜ್ಜಿ

ಎಂಜಿನಿಯರಿಂಗ್ ಓದಿದ ಇಲ್ಲಿನ ಹೆಣ್ಣುಮಕ್ಕಳು ಕೆಲಸಕ್ಕೆ ಬೆಂಗಳೂರು, ಪುಣೆ ದಾರಿ ಹಿಡಿದು ಎರಡು ತಲೆಮಾರಾಯಿತು. ಮಗಳ ಹಿಂದೆ ಅವ್ವನೂ ಹೊರಟಳು. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಕಟ್ಟಿಕೊಂಡು ಹತ್ತುವ ಅಜ್ಜಿಯರು ಹುಬ್ಬಳ್ಳಿ ನಿಲ್ದಾಣಕ್ಕೆ ಹೊಸಬರಲ್ಲ. ಮೂರು ತಿಂಗಳು ಮಗಳ ಮನೆ, ಮೂರು ತಿಂಗಳು ಮಗನ ಮನೆ, ನಡುವೆ ಊರಲ್ಲಿ ಒಬ್ಬನೇ ಉಳಿದ ಅಜ್ಜನ ಊಟದ ಚಿಂತೆ. ಅಮೆರಿಕದಲ್ಲಿರುವವರಿಗೆ ವಿಸಿಟರ್ ವೀಸಾದ ಆರು ತಿಂಗಳೇ ಲೆಕ್ಕ: ಮೊದಲು ಹೆತ್ತವ್ವ, ಅವಳು ಮರಳಿದ ಮೇಲೆ ಅತ್ತೆ. ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಎರಡೂ ಮನೆಯ ಅಜ್ಜಿಯರ ಪಾಳಿ ಮುಗಿದಿರುತ್ತದೆ.

2020ರ ಲಾಕ್‌ಡೌನ್ ಬೆಂಗಳೂರಿನ ಅನೇಕ ತಾಯಂದಿರನ್ನು ಲ್ಯಾಪ್‌ಟಾಪ್ ಸಮೇತ ತವರಿಗೆ ಕರೆತಂದಿತು. ನಡುಮನೆಯಲ್ಲಿ ಮೀಟಿಂಗು, ಹಿತ್ತಲಲ್ಲಿ ಅಜ್ಜಿಯ ಜೊತೆ ಕೂಸು. ಆ ಎರಡು ವರ್ಷ ಕೆಲವರಿಗೆ ನೌಕರಿ ಉಳಿಸಿಕೊಟ್ಟಿತು. ಆಮೇಲೆ ಕಂಪನಿಗಳು ವಾಪಸು ಕರೆದವು. ಗೋಕುಲ ರಸ್ತೆಯ ವಿಮಾನ ನಿಲ್ದಾಣದೆದುರು ಬಹುಕಾಲ ಖಾಲಿ ನಿಂತಿದ್ದ ಇನ್ಫೋಸಿಸ್ ಕ್ಯಾಂಪಸ್ಸಿಗೆ 2022ರಲ್ಲಿ ಜೀವ ಬಂತು. ಹುಬ್ಬಳ್ಳಿಗೆ ಬರಲು ಒಪ್ಪುವ ನೌಕರರಿಗೆ ಕಂಪನಿ ಪ್ರೋತ್ಸಾಹಧನವನ್ನೂ ಘೋಷಿಸಿತು. ಐಟಿ ಕೆಲಸ ಹುಬ್ಬಳ್ಳಿಗೆ ಬಂದರೆ ಉದ್ಯೋಗ ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ತಾಯಿಯೂ ಅಜ್ಜಿಯೂ ಒಂದೇ ಊರಲ್ಲಿ ಇರಬಹುದು ಎಂಬ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಬ್ಯಾಂಕಿನಲ್ಲಿ ಇದರ ವಿರುದ್ಧದ ಕತೆ. ಕ್ಲರ್ಕ್‌ನಿಂದ ಆಫೀಸರ್ ಆದರೆ ವರ್ಗಾವಣೆ ಖಚಿತ. ಎಳೆ ಮಕ್ಕಳಿರುವ ತಾಯಂದಿರು ಪ್ರಮೋಷನ್ ಪರೀಕ್ಷೆಯ ಅರ್ಜಿಯನ್ನೇ ತುಂಬುವುದಿಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ವಿಲೀನಗೊಂಡು, ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ವರ್ಗಾವಣೆಯ ನಕ್ಷೆ ಇಡೀ ರಾಜ್ಯಕ್ಕೆ ಹಿಗ್ಗಿತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಅಂಕಿಅಂಶಗಳಿಂದ ತೋರಿಸಿದ್ದು ಇದನ್ನೇ: ಒಂದೇ ಕೆಲಸ ಮಾಡುವ ಗಂಡು-ಹೆಣ್ಣಿನ ಗಳಿಕೆ ಬೇರೆಯಾಗುವುದು ಬಹುಪಾಲು ಮೊದಲ ಮಗುವಿನ ನಂತರ. ಯಾವ ಹೊತ್ತಿಗೆ ಕರೆದರೂ ಬರುವವರಿಗೆ ಹೆಚ್ಚು ಕೊಡುವ ಕೆಲಸಗಳಲ್ಲಿ ತಾಯಿ ಹಿಂದೆ ಬೀಳುತ್ತಾಳೆ. ಗೋಲ್ಡಿನ್ ಅವರ ಪುಸ್ತಕ ಓದದೆಯೂ ನಮ್ಮ ಬ್ಯಾಂಕಿನ ಕ್ಲರ್ಕ್ ಅಕ್ಕನಿಗೆ ಇದು ಗೊತ್ತು.

ಧಾರವಾಡದ ಸಪ್ತಾಪುರದಲ್ಲಿ ಮತ್ತೊಂದು ಬಗೆಯ ತಾಯಂದಿರಿದ್ದಾರೆ. ಕೋಚಿಂಗ್ ಸೆಂಟರು, ಬಾಡಿಗೆ ರೂಮು, ರಾತ್ರಿಯೂ ತೆರೆದಿರುವ ಓದುವ ಕೋಣೆಗಳ ಆ ಬಡಾವಣೆಯಲ್ಲಿ ಎಫ್‌ಡಿಎ, ಪಿಎಸ್‌ಐ, ಕೆಎಎಸ್‌ಗೆ ಓದುವವರ ನಡುವೆ ಕೂಸನ್ನು ಹಳ್ಳಿಯ ಅಜ್ಜಿಯ ಬಳಿ ಬಿಟ್ಟು ಬಂದವರೂ ಸಿಗುತ್ತಾರೆ. ಪರೀಕ್ಷೆಯ ವಯೋಮಿತಿ ಮತ್ತು ಹೆರುವ ವಯಸ್ಸು ಒಂದೇ. ನೇಮಕಾತಿ ಅಧಿಸೂಚನೆ ಒಂದು ವರ್ಷ ತಡವಾದರೆ ಹುಡುಗರಿಗೆ ಒಂದು ವರ್ಷ ಹೋಯಿತು. ಇವರಿಗೆ ಕೂಸಿನ ಮೊದಲ ಹೆಜ್ಜೆಯೂ ಹೋಯಿತು.

ಅಜ್ಜಿಗೂ ಈಗ ನೌಕರಿ

ಈ ಏರ್ಪಾಡಿಗೆಲ್ಲ ಈಗ ಕುತ್ತು ಬಂದಿರುವುದು ಅದರ ಯಶಸ್ಸಿನಿಂದಲೇ. ಎಂಬತ್ತು-ತೊಂಬತ್ತರ ದಶಕದಲ್ಲಿ ನೌಕರಿಗೆ ಸೇರಿದ ಹೆಣ್ಣುಮಕ್ಕಳ ಕೂಸುಗಳನ್ನು ನೌಕರಿ ಇಲ್ಲದ ಅಜ್ಜಿಯರು ಸಾಕಿದರು. ಆ ಹೆಣ್ಣುಮಕ್ಕಳೇ ಇಂದು ಅಜ್ಜಿಯರಾಗುತ್ತಿದ್ದಾರೆ. ಮಗಳಿಗೆ 27ಕ್ಕೆ ಕೂಸಾದರೆ ಅಜ್ಜಿಗೆ ಐವತ್ತರ ಆಸುಪಾಸು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ. ಮೊಮ್ಮಗು ಅಂಗನವಾಡಿ ಮುಗಿಸಿ ಒಂದನೇ ಕ್ಲಾಸಿಗೆ ಸೇರಿದರೂ ಅಜ್ಜಿ ಇನ್ನೂ ಸೇವೆಯಲ್ಲಿರುತ್ತಾಳೆ. ಅವಳಿಗೆ ಮೊಮ್ಮಗುವಿಗಾಗಿ ರಜೆ ಎಂಬುದಿಲ್ಲ. "ನಮ್ಮವ್ವ ನನ್ನ ಮಕ್ಕಳ್ನ ನೋಡಿದ್ಲು, ನಾ ನನ್ನ ಮಗಳ ಕೂಸು ನೋಡ್ಲಿಕ್ಕೆ ಆಗವಲ್ದು" ಎಂಬ ಅಪರಾಧ ಭಾವ ಈಗ ಸ್ಟಾಫ್ ರೂಮುಗಳ ಹೊಸ ಮಾತು. ಕೆಲವರು ಸ್ವಯಂ ನಿವೃತ್ತಿ ತೆಗೆದುಕೊಳ್ಳುತ್ತಾರೆ. ಆಗ ಒಂದು ಕೂಸು ಇಬ್ಬರು ಹೆಂಗಸರ ನೌಕರಿಯನ್ನು ಕುಗ್ಗಿಸಿದಂತಾಯಿತು.

ಇಷ್ಟು ಹೊತ್ತು ಅಪ್ಪನ ಮಾತು ಬರಲಿಲ್ಲ, ಮನೆಗಳಲ್ಲಿಯೂ ಹೀಗೇ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ 2019ರಲ್ಲಿ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಹೆಂಗಸರದು 289ಕ್ಕೆ ಇಳಿಯಿತು, ಗಂಡಸರದೂ 88ಕ್ಕೆ ಇಳಿಯಿತು. ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ದುಡಿಮೆಗೆ ಬಂದ ಹೆಂಗಸರ ಪ್ರಮಾಣ ಏರಿತು. 2017-18ರಲ್ಲಿ ಶೇ 23.3 ಇದ್ದ ಅವರ ಪಾಲ್ಗೊಳ್ಳುವಿಕೆ 2023-24ಕ್ಕೆ ಶೇ 41.7. ಹೆಂಗಸರು ಹೊರಗೆ ಬಂದರು, ಗಂಡಸರು ಒಳಗೆ ಹೋಗಲಿಲ್ಲ. ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಸ್ವೀಡನ್ನಿನಲ್ಲಿ ತಂದೆ-ತಾಯಿಗೆ ಸೇರಿ 480 ದಿನ ರಜೆ, ಅದರಲ್ಲಿ ತಲಾ 90 ದಿನ ಒಬ್ಬರದನ್ನು ಇನ್ನೊಬ್ಬರು ಬಳಸುವಂತಿಲ್ಲ. ಅಪ್ಪ ತೆಗೆದುಕೊಳ್ಳದಿದ್ದರೆ ಆ ದಿನಗಳು ಹಾಳು. ಹಾಳಾಗುತ್ತದೆ ಎಂದರೆ ಯಾವ ಊರಿನ ಗಂಡಸೂ ರಜೆ ಬಿಡಲಾರ, ನಮ್ಮವರೂ ಬಿಡಲಾರರು.

ಏನು ಸಾಧ್ಯ

ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದು 2017ರ ತಿದ್ದುಪಡಿಯಲ್ಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಇದನ್ನು ಉಳಿಸಿಕೊಂಡು, ಒಂದು ಅನುಕೂಲವನ್ನೂ ಸೇರಿಸಿದೆ: ಹಲವು ಸಂಸ್ಥೆಗಳು ಕೂಡಿ ಒಂದೇ ಕೇಂದ್ರ ನಡೆಸಬಹುದು, ನಗರ ಸ್ಥಳೀಯ ಸಂಸ್ಥೆಯ ಕೇಂದ್ರವನ್ನೂ ಬಳಸಿಕೊಳ್ಳಬಹುದು. ಹುಬ್ಬಳ್ಳಿ-ಧಾರವಾಡಕ್ಕೆ ಇದು ಹೇಳಿ ಮಾಡಿಸಿದಂತಿದೆ. ಇಲ್ಲಿನ ಉದ್ಯೋಗದಾತರಲ್ಲಿ ಸಣ್ಣವರೇ ಬಹಳ. ಗೋಕುಲ ರಸ್ತೆಯ, ತಾರಿಹಾಳದ, ಧಾರವಾಡ ಹತ್ತಿರದ ಬೇಲೂರಿನ ಘಟಕಗಳು ಒಂದೊಂದು ವಸಾಹತಿಗೆ ಒಂದು ಕೇಂದ್ರವೆಂದು ವಂತಿಗೆ ಹಾಕಿದರೆ ಯಾರಿಗೂ ಭಾರವಾಗದು.

ಎಲ್ಲಿ ಬೇಕು ಎಂಬುದನ್ನು ಕೆಲಸದ ಪಾಳಿಯೇ ಹೇಳುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ನರ್ಸ್‌ಗಳಿಗೆ ರಾತ್ರಿಯೂ ತೆರೆದಿರುವ ಕೇಂದ್ರ ಬೇಕು. ಪೌರಕಾರ್ಮಿಕರಿಗೆ ನಸುಕಿನಲ್ಲಿ ತೆರೆಯುವುದು ಬೇಕು. ಬಸ್ ಕಂಡಕ್ಟರ್ ತಾಯಂದಿರಿಗೆ ಡಿಪೊ ಹತ್ತಿರ, ಕೋರ್ಟಿಗೆ ಬರುವ ವಕೀಲೆಯರಿಗೆ ತಿಮ್ಮಸಾಗರದ ನ್ಯಾಯಾಲಯ ಸಂಕೀರ್ಣದ ಬಳಿ, ಎರಡೂ ಊರಿಗೆ ಓಡಾಡುವವರಿಗೆ ನವನಗರದಲ್ಲಿ ಬೇಕು. ಹಳ್ಳಿಗಳಲ್ಲಿ ಇದಕ್ಕೊಂದು ಮಾದರಿ ಶುರುವಾಗಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿತು. ಆ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೈಕೆಗೆ ನೇಮಿಸುವ ಯೋಜನೆ ಅದು. ಗ್ರಾಮ ಪಂಚಾಯಿತಿಯ ಗಡಿಗೆ ನಿಂತ ಈ ಯೋಜನೆ ಮಹಾನಗರ ಪಾಲಿಕೆಯ ಗಡಿ ದಾಟಬೇಕು.

ಒಂದು ಎಚ್ಚರ ಬೇಕು. ಕೂಸು ನೋಡುವ ಕೆಲಸಕ್ಕೆ ಗೌರವಧನ ಎಂಬ ಹೆಸರಲ್ಲಿ ಪುಡಿಗಾಸು ಕೊಟ್ಟರೆ, ಅಜ್ಜಿಯ ಬಿಟ್ಟಿ ದುಡಿಮೆಯ ಜಾಗಕ್ಕೆ ಇನ್ನೊಬ್ಬ ಬಡ ಹೆಂಗಸಿನ ಅರೆಬಿಟ್ಟಿ ದುಡಿಮೆ ಬರುತ್ತದೆ, ಅಷ್ಟೆ. 1975ರಲ್ಲಿ ಶುರುವಾದ ಐಸಿಡಿಎಸ್ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರು ನೌಕರರ ಸ್ಥಾನಮಾನಕ್ಕಾಗಿ ಇಂದಿಗೂ ಹೋರಾಡುತ್ತಿದ್ದಾರೆ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 2022ರವರೆಗೆ ಕಾಯಬೇಕಾಯಿತು. ಆ ತಪ್ಪು ಇನ್ನೊಮ್ಮೆ ಆಗಬಾರದು.

ಮೂರು ವರ್ಷ ತಾನೇ ಕೂಸಿನ ಬಳಿ ಇರುತ್ತೇನೆ ಎನ್ನುವ ತಾಯಿಯ ಆಯ್ಕೆಗೂ ಇದರಲ್ಲಿ ಜಾಗವಿದೆ. ಅವಳು ಮರಳಿ ಬಂದಾಗ ಹಿಂದಿನ ಸೇವೆ ಲೆಕ್ಕಕ್ಕೆ ಬರಬೇಕು, ನೇಮಕಾತಿಯ ವಯೋಮಿತಿ ಅವಳ ಮಟ್ಟಿಗೆ ಅಷ್ಟು ವರ್ಷ ಸಡಿಲಾಗಬೇಕು. ಅಜ್ಜಿ ಮೊಮ್ಮಗುವನ್ನು ಆಡಿಸುವುದೂ ಅವಳ ಖುಷಿಗಿರಬೇಕು. ಒಂದು ಊರಿನ ಶಾಲೆ, ಬ್ಯಾಂಕು, ಆಸ್ಪತ್ರೆಗಳು ನಡೆಯುವುದು ಅವಳ ಮಂಡಿನೋವಿನ ಮೇಲೆ ನಿಂತಿರಬಾರದು.

2021ರ ಚುನಾವಣೆಯಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 82 ವಾರ್ಡು ಇದ್ದವು. ವೋಟು ಕೇಳಲು ಬಂದವರನ್ನು ನಾವು ನೀರು, ರಸ್ತೆ, ಗಟಾರದ ಬಗ್ಗೆ ನಿಲ್ಲಿಸಿ ಕೇಳುತ್ತೇವೆ. ಶಿಶುಪಾಲನೆಯನ್ನು ಮನೆಯ ಖಾಸಗಿ ವಿಷಯ ಎಂದುಕೊಂಡು ಬಿಡುತ್ತೇವೆ. ನಳದ ನೀರಿನಷ್ಟೇ ಇದೂ ಊರಿನ ಸೌಕರ್ಯ. ಮುಂದಿನ ಚುನಾವಣೆಯಲ್ಲಿ ವಾರ್ಡಿಗೊಂದು ಕೂಸಿನ ಮನೆ ಎಲ್ಲಿ, ಯಾವ ಹೊತ್ತಿಗೆ ತೆರೆಯುತ್ತದೆ, ಅಲ್ಲಿ ದುಡಿಯುವವಳಿಗೆ ಸಂಬಳ ಎಷ್ಟು ಎಂದು ಮೂರು ಪ್ರಶ್ನೆ ಕೇಳಬೇಕು. ಕೇಳುವವರು ಬರೀ ತಾಯಂದಿರಾದರೆ ಸಾಲದು, ಅಪ್ಪಂದಿರೂ ಕೇಳಬೇಕು.